ಅಂತರಜಾಲದಲ್ಲಿ ನಟವರ್ಗದ ಕರೆ: ಅದನ್ನು ಓದುವ ಮತ್ತು ಅದಕ್ಕೆ ಉತ್ತರಿಸುವ ಕ್ರಮ

ಯಾವ ಪಾತ್ರವನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ನಾಟ್ಯಕಲೆಯಷ್ಟೇ ಹಳೆಯದು. ಭರತನ ನಾಟ್ಯಶಾಸ್ತ್ರವು ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ನಟನ ನಡಿಗೆ, ಮಾತು, ಅಂಗಚೇಷ್ಟೆ, ಸ್ವಭಾವ ಇವುಗಳನ್ನು ಪರೀಕ್ಷಿಸಿದ ಬಳಿಕವೇ ಭೂಮಿಕೆಯನ್ನು ನಿಶ್ಚಯಿಸಬೇಕೆಂಬುದು ಅಲ್ಲಿನ ವಿಧಿ. ಈ ಪರೀಕ್ಷೆ ಮುಖಾಮುಖಿಯಾಗಿ ನಡೆಯುವಂಥದು. ಪರೀಕ್ಷಿಸುವವನೂ ಪರೀಕ್ಷೆಗೆ ಒಳಗಾಗುವವನೂ ಒಂದೇ ಚಾವಡಿಯಲ್ಲಿ ನಿಂತಿರುತ್ತಾರೆ. ಇಂದು ಈ ಸನ್ನಿವೇಶ ಬದಲಾಗಿದೆ. ಚಲನಚಿತ್ರ, ಧಾರಾವಾಹಿ, ಜಾಹೀರಾತು, ವೆಬ್ ಸರಣಿ ಮೊದಲಾದವುಗಳಿಗೆ ಬೇಕಾದ ನಟನಟಿಯರನ್ನು ಹುಡುಕುವ ಪ್ರಕಟಣೆಗಳು ಅಂತರಜಾಲದಲ್ಲಿ ಬರುತ್ತವೆ. ಅಭ್ಯರ್ಥಿಗಳು ತಮ್ಮ ಭಾವಚಿತ್ರವನ್ನೂ ಅಭಿನಯದ ತುಣುಕನ್ನೂ ಅಲ್ಲಿಗೇ ಕಳುಹಿಸುತ್ತಾರೆ. ಇಂಥ ಪ್ರಕಟಣೆಯನ್ನು ಚಿತ್ರೋದ್ಯಮದಲ್ಲಿ ಕಾಸ್ಟಿಂಗ್ ಕಾಲ್ ಎನ್ನುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ನಾವು ಇದನ್ನು ಸರಳವಾಗಿ 'ಕರೆ' ಎಂದು ವ್ಯವಹರಿಸಿದ್ದೇವೆ.

ಈ ವಿಷಯವನ್ನು ವಿವೇಚನೆಗೆ ಎತ್ತಿಕೊಳ್ಳಲು ಒಂದು ಘಟನೆ ಕಾರಣವಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿಗೆ ಬಂದಿದ್ದ ಕರೆಯೊಂದನ್ನು ತಂದು ನಮಗೆ ತೋರಿಸಿದನು. ನಾವು ಅದನ್ನು ಓದಿ, "ಒಳ್ಳೆಯದು, ಪ್ರಯತ್ನಿಸಿ ನೋಡು" ಎಂದೆವು. ಮುಂದಿನ ಒಂದು ತಿಂಗಳಲ್ಲಿ ಅವನು ಹಾಸ್ಟೆಲಿನ ಶುಲ್ಕಕ್ಕೆಂದು ಮನೆಯವರು ಕಳುಹಿಸಿದ್ದ ಹಣವನ್ನು ನೋಂದಣಿ, ಉಡುಪಿನ ಠೇವಣಿ, ಕಲಾವಿದರ ಗುರುತಿನ ಚೀಟಿ ಎಂಬ ಮೂರು ಹೆಸರುಗಳಲ್ಲಿ ಮೂರು ಕಂತುಗಳಾಗಿ ಕಳೆದುಕೊಂಡನು. ಆ ಹೆಸರಿನ ಚಿತ್ರವೇ ಇರಲಿಲ್ಲ. ಕರೆಯನ್ನು ಮತ್ತೊಮ್ಮೆ ಓದಿದಾಗ ಮೋಸದ ಗುರುತುಗಳೆಲ್ಲವೂ ಅದರಲ್ಲಿಯೇ ಇದ್ದುದು ಕಂಡುಬಂತು. ನಾವು ಅದನ್ನು ಓದಿದ್ದೆವು, ಆದರೆ ಓದುವ ಕ್ರಮ ನಮಗೆ ತಿಳಿದಿರಲಿಲ್ಲ. ನಾಟಕದ ಪಠ್ಯವನ್ನು ಸಾಲುಸಾಲಾಗಿ ಬಿಡಿಸಿ ಹೇಳಿಕೊಡುವ ನಾವು, ವಿದ್ಯಾರ್ಥಿಯ ಜೀವನೋಪಾಯಕ್ಕೆ ಸಂಬಂಧಪಟ್ಟ ಈ ಪುಟ್ಟ ಪಠ್ಯವನ್ನು ಉದಾಸೀನ ಮಾಡಿದ್ದೆವು. ಆ ಲೋಪವನ್ನು ಕಿಂಚಿತ್ತಾದರೂ ತುಂಬಿಕೊಡುವುದು ಈ ಲೇಖನದ ಉದ್ದೇಶ.

೧. ಹಿಂದಿನ ಪದ್ಧತಿ

ವೃತ್ತಿನಾಟಕ ಕಂಪನಿಗಳ ಕಾಲದಲ್ಲಿ ನಟನಾಗಬಯಸುವವನು ಕಂಪನಿಯ ಬಿಡಾರಕ್ಕೆ ಹೋಗಿ ನಿಲ್ಲಬೇಕಾಗಿತ್ತು. ಹುಡುಗನ ಕಂಠ, ನಿಲುವು, ನೆನಪಿನ ಶಕ್ತಿ ಇವುಗಳನ್ನು ಮಾಲೀಕನೋ ಮೇಷ್ಟರೋ ನೋಡಿ ಸೇರಿಸಿಕೊಳ್ಳುತ್ತಿದ್ದರು. ಮೊದಲು ಬಾಲಪಾತ್ರ, ಬಳಿಕ ಸಖಿಯದೋ ಸೇವಕನದೋ ಪಾತ್ರ, ಯೋಗ್ಯತೆ ಕಂಡಂತೆ ಮುಂದಿನ ಪಾತ್ರ ಎಂಬ ಕ್ರಮ ಇತ್ತು. ಆಯ್ಕೆ ಒಂದು ದಿನದ ಕಾರ್ಯವಾಗಿರದೆ ಹಲವು ವರ್ಷಗಳ ಅವಲೋಕನವಾಗಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜರು ತಂದೆಯೊಡನೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು, ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಅವರನ್ನು ಆರಿಸಿಕೊಂಡು ೧೯೫೪ರ 'ಬೇಡರ ಕಣ್ಣಪ್ಪ' ಚಿತ್ರದ ನಾಯಕನನ್ನಾಗಿ ಮಾಡಿದುದೂ, ಮುತ್ತುರಾಜರು ರಾಜಕುಮಾರರಾದುದೂ ಸರ್ವವಿದಿತ. ನರಸಿಂಹರಾಜು, ಬಾಲಕೃಷ್ಣ ಮೊದಲಾದವರೂ ನಾಟಕದ ಕಂಪನಿಗಳಿಂದಲೇ ತೆರೆಗೆ ಬಂದವರು. ತರುವಾಯದ ದಿನಗಳಲ್ಲಿ ಹವ್ಯಾಸಿ ರಂಗತಂಡಗಳೂ, ೧೯೮೦ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಸಂಸ್ಥೆಗಳೂ ನಟರನ್ನು ಒದಗಿಸುವ ಕಾರ್ಯವನ್ನು ಮುಂದುವರಿಸಿದವು. ಈ ಎಲ್ಲ ಪದ್ಧತಿಗಳಲ್ಲಿ ಸಮಾನವಾದ ಒಂದು ಅಂಶವುಂಟು: ಅವಕಾಶ ಬರುತ್ತಿದ್ದುದು ಪರಿಚಯದ ಮೂಲಕ. ಯಾರ ಪರಿಚಯವೂ ಇಲ್ಲದವನಿಗೆ ಬಾಗಿಲು ಎಲ್ಲಿದೆಯೆಂಬುದೇ ತಿಳಿಯುತ್ತಿರಲಿಲ್ಲ.

ಪಶ್ಚಿಮದ ದೇಶಗಳಲ್ಲಿ ಈ ಕೊರತೆಯನ್ನು ಮುದ್ರಿತ ಸಾಧನಗಳಿಂದ ಪರಿಹರಿಸುವ ಪ್ರಯತ್ನ ಬಹು ಹಿಂದೆಯೇ ನಡೆಯಿತು. ಇಂಗ್ಲೆಂಡಿನ 'ಸ್ಪಾಟ್‌ಲೈಟ್' ಎಂಬ ನಟರ ಸೂಚಿ ೧೯೨೭ರಲ್ಲಿ ಮೊದಲಾಯಿತು. ನ್ಯೂಯಾರ್ಕಿನಲ್ಲಿ ೧೯೬೦ರಲ್ಲಿ ಹೊರಟ 'ಬ್ಯಾಕ್‌ಸ್ಟೇಜ್' ಪತ್ರಿಕೆಯು ಪಾತ್ರಗಳ ಪ್ರಕಟಣೆಗೆ ಹೆಸರಾಯಿತು. ೧೯೭೧ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ 'ಬ್ರೇಕ್‌ಡೌನ್ ಸರ್ವಿಸಸ್' ಚಿತ್ರಕಥೆಗಳನ್ನು ಓದಿ, ಅವುಗಳಲ್ಲಿನ ಪಾತ್ರಗಳ ಸಂಕ್ಷಿಪ್ತ ವಿವರಣೆಯನ್ನು ನಟರ ಪ್ರತಿನಿಧಿಗಳಿಗೆ ಹಂಚುವ ವ್ಯವಸ್ಥೆಯನ್ನು ತಂದಿತು. ಅಂತರಜಾಲವು ಬಂದಾಗ ಇವೆಲ್ಲವೂ ಅಲ್ಲಿಗೆ ಸ್ಥಳಾಂತರಗೊಂಡುವು. ಅಂದರೆ ಅಲ್ಲಿ ಹಳೆಯ ವ್ಯವಸ್ಥೆಯೊಂದು ಹೊಸ ವಾಹನವನ್ನು ಏರಿತು. ಕನ್ನಡದ ಸ್ಥಿತಿ ಬೇರೆ. ನಮ್ಮಲ್ಲಿ ಕರೆಗಳು ಬಹುಮಟ್ಟಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಗುಂಪುಗಳ ಮೂಲಕ ಕೈಯಿಂದ ಕೈಗೆ ಸಾಗುತ್ತವೆ. ಹೀಗೆ ಸಾಗುವಾಗ ಮೂಲ ಯಾವುದೆಂಬುದು ಮರೆಯಾಗುತ್ತದೆ. ಬಾಗಿಲು ಎಲ್ಲರಿಗೂ ತೆರೆದಿದೆಯೆಂಬುದು ನಿಜ. ಆದರೆ ಬಾಗಿಲಲ್ಲಿ ನಿಂತಿರುವವನು ಯಾರೆಂಬುದನ್ನು ಅರಿಯುವ ಭಾರ ಈಗ ಅಭ್ಯರ್ಥಿಯದು.

೨. ಕರೆಯ ಅಂಗಗಳು

ಕರೆಯ ಸ್ವರೂಪವನ್ನು ಸ್ಪಷ್ಟಪಡಿಸಲು ನಾವೇ ರಚಿಸಿದ ಮಾದರಿಯೊಂದನ್ನು ಇಲ್ಲಿ ಕೊಡುತ್ತೇವೆ:

"ಕಲಾವಿದರು ಬೇಕಾಗಿದ್ದಾರೆ. ಕನ್ನಡ ಚಲನಚಿತ್ರ. ಪಾತ್ರ: ಹಳ್ಳಿಯ ಶಾಲೆಯ ಅತಿಥಿ ಶಿಕ್ಷಕಿ. ತೆರೆಯ ಮೇಲಿನ ವಯಸ್ಸು ೨೪ರಿಂದ ೩೦. ಧಾರವಾಡದ ಕಡೆಯ ಮಾತು ಸಹಜವಾಗಿ ಬರಬೇಕು. ಸೈಕಲ್ ತುಳಿಯಲು ಬರಬೇಕು. ಚಿತ್ರೀಕರಣ ಹನ್ನೆರಡು ದಿನ. ಸಂಭಾವನೆ ಉಂಟು. ಎರಡು ಭಾವಚಿತ್ರ ಹಾಗೂ ಒಂದು ನಿಮಿಷದ ಪರಿಚಯದ ವಿಡಿಯೊ ಕಳುಹಿಸಿ."

ಮೊದಲನೆಯದಾಗಿ 'ತೆರೆಯ ಮೇಲಿನ ವಯಸ್ಸು' ಎಂಬುದನ್ನು ಗಮನಿಸಬೇಕು. ಇದು ಜನನಪತ್ರದ ವಯಸ್ಸಲ್ಲ. ಕ್ಯಾಮರಾದ ಮುಂದೆ ನೋಡುವವರಿಗೆ ತೋರುವ ವಯಸ್ಸು. ನಾಟ್ಯಶಾಸ್ತ್ರವು ಪ್ರಕೃತಿಗಳನ್ನು ಮೂರಾಗಿ ವಿಂಗಡಿಸುತ್ತದೆ: ನಟನ ವಯಸ್ಸೂ ರೂಪವೂ ಪಾತ್ರಕ್ಕೆ ಹೊಂದುವಂಥದು ಅನುರೂಪ, ಬಾಲಕನು ವೃದ್ಧನ, ವೃದ್ಧನು ಬಾಲಕನ ಪಾತ್ರವನ್ನು ಮಾಡುವುದು ವಿರೂಪ, ಪುರುಷನು ಸ್ತ್ರೀಯ ಭಾವವನ್ನು ತಳೆಯುವುದು ರೂಪಾನುಸಾರಿಣಿ. ಕಂಪನಿ ನಾಟಕದ ರಂಗವು ಈ ಮೂರಕ್ಕೂ ಎಡೆಗೊಟ್ಟಿತ್ತು. ದೂರವೂ ದೀಪವೂ ಬಣ್ಣವೂ ಅದಕ್ಕೆ ನೆರವಾಗುತ್ತಿದ್ದುವು. ಕ್ಯಾಮರಾ ಮುಖಕ್ಕೆ ಒಂದು ಮೊಳದಷ್ಟು ಹತ್ತಿರ ಬರುವುದರಿಂದ ಬಹುಮಟ್ಟಿಗೆ ಅನುರೂಪವನ್ನೇ ಬಯಸುತ್ತದೆ. ರಂಗದ ಮೇಲೆ ಅರುವತ್ತರ ಮುದುಕನ ಪಾತ್ರವನ್ನು ಮಾಡಿ ಮೆಚ್ಚುಗೆ ಪಡೆದ ಇಪ್ಪತ್ತೆರಡರ ಯುವಕನು ಚಿತ್ರದಲ್ಲಿ ಅದೇ ಬಗೆಯ ಪಾತ್ರಕ್ಕೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಇದು ಅವನ ಕಲೆಯ ತಿರಸ್ಕಾರವಲ್ಲ, ಮಾಧ್ಯಮದ ಸ್ವಭಾವ.

ಎರಡನೆಯದು ಭಾಷೆ. 'ಸಹಜವಾಗಿ' ಎಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಧಾರವಾಡ, ಕಲಬುರಗಿ, ಕುಂದಾಪುರ, ಮಂಡ್ಯ ಈ ಸೀಮೆಗಳ ಮಾತಿನಲ್ಲಿ ಶಬ್ದಗಳಷ್ಟೇ ಅಲ್ಲದೆ ಕಾಕು, ಲಯ, ಉಸಿರಿನ ತಂಗುದಾಣ ಎಲ್ಲವೂ ಭಿನ್ನ. ಕರೆಯಲ್ಲಿ ಪ್ರಾದೇಶಿಕ ಭಾಷೆಯನ್ನು ಹೆಸರಿಸಿದ್ದರೆ ಆ ಸೀಮೆಯ ಅಭ್ಯರ್ಥಿಗೆ ಅದು ನಿಜವಾದ ಅನುಕೂಲ. ಪಟ್ಟಣಕ್ಕೆ ಬಂದು ತನ್ನ ಊರಿನ ಮಾತನ್ನು ಮರೆಮಾಡಲು ಕಲಿತ ವಿದ್ಯಾರ್ಥಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ಮೂರನೆಯದು ಕೌಶಲ. ಸೈಕಲ್ ಬಾರದಿದ್ದರೆ ಬಾರದೆಂದೇ ಬರೆಯತಕ್ಕದ್ದು. ಚಿತ್ರೀಕರಣದ ಒಂದು ದಿನದಲ್ಲಿ ಹತ್ತಾರು ಜನರ ಕೂಲಿಯೂ ಯಂತ್ರಗಳ ಬಾಡಿಗೆಯೂ ಸೇರಿರುತ್ತವೆ. ಸುಳ್ಳು ಹೇಳಿ ಆಯ್ಕೆಯಾದವನು ಆ ದಿನವನ್ನೂ ಮುಂದಿನ ಅವಕಾಶವನ್ನೂ ಕೆಡಿಸಿಕೊಳ್ಳುತ್ತಾನೆ.

ನಾಲ್ಕನೆಯದು ಕಾಲ ಮತ್ತು ಸಂಭಾವನೆ. ಹನ್ನೆರಡು ದಿನದ ಚಿತ್ರಕ್ಕೂ ತಿಂಗಳುಗಟ್ಟಲೆ ನಡೆಯುವ ಧಾರಾವಾಹಿಗೂ ಒಪ್ಪಿಗೆ ಕೊಡುವ ಬಗೆ ಬೇರೆಬೇರೆ. ಪರೀಕ್ಷೆಗೆ ಓದುತ್ತಿರುವವನು ಇದನ್ನು ಮೊದಲೇ ಲೆಕ್ಕ ಹಾಕಬೇಕು. 'ಸಂಭಾವನೆ ಉಂಟು', 'ಮಾತನಾಡಿ ನಿರ್ಧರಿಸಲಾಗುವುದು', 'ಅನುಭವಕ್ಕಾಗಿ' ಎಂಬ ಮೂರು ಪ್ರಯೋಗಗಳಲ್ಲಿ ಕಡೆಯದಕ್ಕೆ ಹಣ ಇಲ್ಲವೆಂದು ಅರ್ಥ. ವಿದ್ಯಾರ್ಥಿಗಳ ಕಿರುಚಿತ್ರದಲ್ಲಿ ಹಾಗೆ ದುಡಿಯುವುದು ತಪ್ಪಲ್ಲ. ಆದರೆ ತಿಳಿದು ದುಡಿಯಬೇಕು.

ಇನ್ನು, ನಮ್ಮ ಮಾದರಿಯಲ್ಲಿ ಇಲ್ಲದ್ದೇನೆಂಬುದನ್ನು ವಾಚಕರು ಗಮನಿಸಿದರೋ ಇಲ್ಲವೋ ತಿಳಿಯದು. ಕರೆಯುತ್ತಿರುವವರು ಯಾರೆಂಬುದೇ ಅದರಲ್ಲಿಲ್ಲ. ನಿರ್ಮಾಣ ಸಂಸ್ಥೆಯ ಹೆಸರಾಗಲಿ, ನಿರ್ದೇಶಕರ ಹೆಸರಾಗಲಿ, ನಟರನ್ನು ಆರಿಸುವ ಕಾಸ್ಟಿಂಗ್ ಡೈರೆಕ್ಟರರ ಹೆಸರಾಗಲಿ, ಕಚೇರಿಯ ವಿಳಾಸವಾಗಲಿ, ಕಡೆಯ ದಿನಾಂಕವಾಗಲಿ ಇಲ್ಲ. ಕೆಲವು ಸಂಸ್ಥೆಗಳು ಚಿತ್ರದ ಹೆಸರನ್ನು ಗೋಪ್ಯವಾಗಿಡುವುದುಂಟು. ಆದರೆ ತಮ್ಮ ಹೆಸರನ್ನು ಗೋಪ್ಯವಾಗಿಡಲು ಅವರಿಗೆ ಕಾರಣವಿಲ್ಲ. ಕರೆಯನ್ನು ಓದುವವನು ಇರುವುದನ್ನು ಓದಿದಂತೆಯೇ ಇಲ್ಲದ್ದನ್ನೂ ಓದಬೇಕು.

೩. ಉತ್ತರದ ಸಿದ್ಧತೆ

ಅರ್ಜಿಯ ಮುಖ್ಯ ಅಂಗಗಳು ನಾಲ್ಕು: ಭಾವಚಿತ್ರ, ಬಯೋಡೇಟಾ, ಪರಿಚಯದ ವಿಡಿಯೊ, ಅಭಿನಯದ ವಿಡಿಯೊ.

ಭಾವಚಿತ್ರಗಳು ಎರಡು ಸಾಕು; ಮುಖವನ್ನು ಸಮೀಪದಿಂದ ತೋರಿಸುವಂಥದು ಒಂದು, ಪೂರ್ಣ ನಿಲುವಿನದು ಒಂದು. ಹಗಲಿನ ಬೆಳಕಿನಲ್ಲಿ, ಕಿಟಕಿಯ ಎದುರು ನಿಂತು, ಸಾದಾ ಉಡುಪಿನಲ್ಲಿ ತೆಗೆದ ಚಿತ್ರ ಉತ್ತಮ. ಮೊಬೈಲಿನ ಸೌಂದರ್ಯಸಾಧನಗಳಿಂದ ಚರ್ಮವನ್ನು ನುಣುಪುಗೊಳಿಸಬಾರದು. ಆರಿಸುವವರು ಹುಡುಕುತ್ತಿರುವುದು ಒಂದು ಪಾತ್ರದ ಮುಖವನ್ನು, ಸುಂದರವಾದ ಮುಖವನ್ನಲ್ಲ. ಚಿತ್ರವನ್ನು ನೋಡಿ ಕರೆಸಿಕೊಂಡವರ ಎದುರಿಗೆ ಬೇರೊಂದು ಮುಖ ಬಂದು ನಿಂತರೆ ಅರ್ಜಿಯ ಇತರ ಮಾತುಗಳಿಗೂ ಬೆಲೆಯಿಲ್ಲದಾಗುತ್ತದೆ. ಆರಂಭದಲ್ಲೇ ದುಬಾರಿಯಾದ ಪೋರ್ಟ್‌ಫೋಲಿಯೊ ಮಾಡಿಸಬೇಕೆಂಬ ನಂಬಿಕೆಗೂ ಆಧಾರವಿಲ್ಲ. ಬಯೋಡೇಟಾ ಒಂದು ಪುಟವನ್ನು ಮೀರಬಾರದು. ಎತ್ತರ, ಬಲ್ಲ ಭಾಷೆಗಳು, ಪಡೆದ ಶಿಕ್ಷಣ, ಮಾಡಿದ ನಾಟಕ ಮತ್ತು ಪಾತ್ರ, ನಿರ್ದೇಶಕರ ಹೆಸರು, ನಿಜವಾಗಿ ಬರುವ ಕೌಶಲಗಳು ಇಷ್ಟಿದ್ದರೆ ಸಾಕು. ಮನೆಯ ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಇವು ಅಲ್ಲಿಗೆ ಸಲ್ಲವು.

ಪರಿಚಯದ ವಿಡಿಯೊದಲ್ಲಿ ಹೆಸರು, ಊರು, ಎತ್ತರ, ಭಾಷೆಗಳನ್ನು ನೇರವಾಗಿ ಹೇಳಿ, ಎಡಬಲಗಳಿಗೆ ಮುಖ ತಿರುಗಿಸಿ ತೋರಿಸಿದರಾಯಿತು.

ಅಭಿನಯದ ವಿಡಿಯೊ, ಅಂದರೆ ಸೆಲ್ಫ್ ಟೇಪ್, ಹೆಚ್ಚಿನ ವಿವರಣೆಯನ್ನು ಬಯಸುತ್ತದೆ. ಕಳುಹಿಸಿಕೊಟ್ಟ ಸಂಭಾಷಣೆಯನ್ನು ಅಭ್ಯರ್ಥಿಯು ತನ್ನ ಮನೆಯಲ್ಲಿಯೇ ಅಭಿನಯಿಸಿ ಚಿತ್ರಿಸಿ ಕಳುಹಿಸುವ ಈ ಪದ್ಧತಿ ೨೦೨೦ರ ಸಾಂಕ್ರಾಮಿಕದ ದಿನಗಳಿಂದೀಚೆಗೆ ಎಲ್ಲೆಡೆ ಬಹಳ ವ್ಯಾಪಕವಾಗಿದೆ. ಇದರ ನಿಯಮಗಳು ಸರಳ, ಪ್ರತಿಯೊಂದಕ್ಕೂ ಕಾರಣವುಂಟು. ಬೇರೆ ಸೂಚನೆಯಿಲ್ಲದಿದ್ದರೆ ಮೊಬೈಲನ್ನು ಅಡ್ಡಲಾಗಿ ಇಡಬೇಕು. ತೆರೆಯ ಆಕಾರ ಅಡ್ಡವಾದುದು. ಅದು ಕಣ್ಣಿನ ಮಟ್ಟದಲ್ಲಿ ಅಲುಗದಂತೆ ನಿಂತಿರಬೇಕು. ಕೆಳಗಿನಿಂದ ಚಿತ್ರಿಸಿದರೆ ಮುಖದ ಪ್ರಮಾಣ ಕೆಡುತ್ತದೆ. ಎದೆಯಿಂದ ಮೇಲಿನ ಭಾಗ ಮಾತ್ರ ಕಾಣಬೇಕು. ಪರೀಕ್ಷಕನಿಗೆ ಬೇಕಾಗಿರುವುದು ಕಣ್ಣು. ಬೆಳಕು ಎದುರಿನಿಂದ ಬೀಳಬೇಕು, ಹಿನ್ನೆಲೆ ಸಾದಾ ಗೋಡೆಯಾಗಿರಬೇಕು. ಎದುರುಪಾತ್ರದ ಮಾತುಗಳನ್ನು ಗೆಳೆಯರೊಬ್ಬರು ಕ್ಯಾಮರಾದ ಪಕ್ಕದಲ್ಲಿಯೇ ನಿಂತು ತಗ್ಗಿದ ದನಿಯಲ್ಲಿ ಓದಬೇಕು. ನಟನ ದೃಷ್ಟಿ ಕ್ಯಾಮರಾದ ಕಣ್ಣಿನ ಮೇಲಲ್ಲ, ಓದುತ್ತಿರುವವರ ಮೇಲಿರಬೇಕು. ಫ್ಯಾನನ್ನು ನಿಲ್ಲಿಸಿ, ಕಿಟಕಿಯನ್ನು ಮುಚ್ಚಿ ಚಿತ್ರಿಸಬೇಕು. ಚಿತ್ರ ಮಸುಕಾದರೂ ಕ್ಷಮಿಸಬಹುದು, ಮಾತು ಕೇಳದಿದ್ದರೆ ಅಭಿನಯವೇ ಇಲ್ಲವೆಂದಾಗುತ್ತದೆ.

ರಂಗಭೂಮಿಯಲ್ಲಿ ಪಳಗಿದವರಿಗೆ ಇಲ್ಲಿ ಒಂದು ವಿಶೇಷವಾದ ತೊಡಕುಂಟು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕೆಂದು ನಾವೇ ಅವರಿಗೆ ಕಲಿಸಿರುತ್ತೇವೆ. ಸೆಲ್ಫ್ ಟೇಪಿನಲ್ಲಿ ಕೊನೆಯ ಸಾಲೂ ಮೊದಲ ಸಾಲೂ ಒಂದೇ. ಪ್ರೇಕ್ಷಕನು ಒಂದು ಮಾರು ದೂರದಲ್ಲಿ ಕುಳಿತಿದ್ದಾನೆ. ಆದುದರಿಂದ ದನಿಯನ್ನೂ ಹುಬ್ಬಿನ ಚಲನೆಯನ್ನೂ ಕುಗ್ಗಿಸಬೇಕು. ಆದರೆ ಭಾವವನ್ನು ಕುಗ್ಗಿಸಬಾರದು. ಇದನ್ನು ಅಭ್ಯಾಸ ಮಾಡಲು ನಾವು ಒಂದು ಉಪಾಯವನ್ನು ಅನುಸರಿಸುತ್ತಿದ್ದೇವೆ: ಅದೇ ಮಾತನ್ನು ಮೊದಲು ಬಯಲಿನಲ್ಲಿ ಐವತ್ತು ಅಡಿ ದೂರದಲ್ಲಿರುವವರಿಗೆ, ಬಳಿಕ ಎದುರಿನ ಕುರ್ಚಿಯಲ್ಲಿರುವವರಿಗೆ, ಕಡೆಗೆ ಮಲಗಿರುವ ಮಗು ಏಳದಂತೆ ಪಕ್ಕದವರಿಗೆ ಹೇಳಿಸುವುದು. ಮೂರನೆಯ ಬಾರಿಯೂ ಮಾತಿನ ಒತ್ತಡ ಮೊದಲಿನಷ್ಟೇ ಉಳಿದಿದ್ದರೆ ವಿದ್ಯಾರ್ಥಿ ಕ್ಯಾಮರಾಕ್ಕೆ ಸಿದ್ಧನಾದನೆಂದು ತಿಳಿಯುತ್ತೇವೆ.

೪. ಕರೆಯ ಸತ್ಯಾಸತ್ಯ

ಈ ವಿಷಯದಲ್ಲಿ ಒಂದೇ ಒಂದು ಸೂತ್ರವನ್ನು ಕಂಠಪಾಠ ಮಾಡಿಸಬೇಕಾದರೆ ಅದು ಇದು: ನಟನೆಯ ಉದ್ಯೋಗದಲ್ಲಿ ಹಣವು ನಿರ್ಮಾಪಕನಿಂದ ನಟನ ಕಡೆಗೆ ಹರಿಯುತ್ತದೆ, ಪಾತ್ರವನ್ನು ಕೊಡಿಸಲು ನಟನಿಂದ ಹಣ ಕೇಳಿದ ಕೂಡಲೆ ಅದು ಉದ್ಯೋಗವಲ್ಲವೆಂದು ತಿಳಿಯಬೇಕು. ಹೆಸರುಗಳು ಹಲವು: ನೋಂದಣಿ, ಆಡಿಷನ್ ಶುಲ್ಕ, ಉಡುಪಿನ ಠೇವಣಿ, ಕಡ್ಡಾಯದ ಕಾರ್ಯಾಗಾರ, ಗೊತ್ತುಪಡಿಸಿದ ಸ್ಟುಡಿಯೊದಲ್ಲಿಯೇ ತೆಗೆಸಬೇಕಾದ ಭಾವಚಿತ್ರ. ಕಂತು ಚಿಕ್ಕದಾಗಿರುವುದೂ, ಹಣ ಮರಳಿ ಬರುವುದೆಂಬ ಭರವಸೆಯಿರುವುದೂ, 'ಇಂದು ಸಂಜೆಯೊಳಗೆ' ಎಂಬ ಅವಸರವಿರುವುದೂ ಇದರ ಲಕ್ಷಣಗಳು. ಇಲ್ಲಿ ಒಂದು ವಿವೇಕ ಅವಶ್ಯ. ನಟನಾಶಾಲೆಯೊಂದು ಶಾಲೆಯೆಂದೇ ಹೇಳಿಕೊಂಡು ಬೋಧನೆಗೆ ಶುಲ್ಕ ಪಡೆಯುವುದು ನ್ಯಾಯ. ಜಾಲತಾಣವೊಂದು ತನ್ನ ಸೂಚಿಯಲ್ಲಿ ಹೆಸರು ಸೇರಿಸಲು ಚಂದಾ ಪಡೆಯುವುದೂ ಉಂಟು. ಇವು ಪಾತ್ರದ ಭರವಸೆ ಕೊಡುವುದಿಲ್ಲ. ಪಾತ್ರವನ್ನು ಮುಂದಿಟ್ಟು ಶುಲ್ಕ ಕೇಳುವುದು ಮೋಸದ ಗುರುತು. ಚಿತ್ರೋದ್ಯಮಕ್ಕೆ ಪ್ರಸಿದ್ಧವಾದ ಕ್ಯಾಲಿಫೋರ್ನಿಯ ರಾಜ್ಯವು ಕಲಾವಿದರಿಗೆ ಕೆಲಸ ಕೊಡಿಸುವುದಾಗಿ ಮುಂಗಡ ಶುಲ್ಕ ಪಡೆಯುವುದನ್ನು ೨೦೦೯ರಲ್ಲಿ ಪ್ರತ್ಯೇಕ ಕಾನೂನಿನಿಂದ ನಿಷೇಧಿಸಬೇಕಾಯಿತೆಂಬುದನ್ನು ನೋಡಿದರೆ, ಈ ವ್ಯಾಧಿ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲವೆಂಬುದು ವ್ಯಕ್ತವಾಗುತ್ತದೆ.

ಎರಡನೆಯ ಬಗೆ, ಹೆಸರಾಂತ ಸಂಸ್ಥೆಯ ಹೆಸರನ್ನೋ ಲಾಂಛನವನ್ನೋ ಕದ್ದು ಹೊರಡಿಸುವ ಕರೆ. ಕರೆ ಬಂದಾಗ ಅದರಲ್ಲಿರುವ ದೂರವಾಣಿಗೆ ಮಾತನಾಡಿ ವಿಚಾರಿಸುವುದು ವ್ಯರ್ಥ. ಸಂಸ್ಥೆಯ ಅಧಿಕೃತ ಪುಟವನ್ನು ತಾನೇ ಹುಡುಕಿ, ಅಲ್ಲಿ ಅದೇ ಕರೆ ಇದೆಯೇ ಎಂದು ನೋಡಬೇಕು. ಕಂಪ್ಯೂಟರು ಅಥವಾ ಸಂಪರ್ಕ ಸಾಧನದ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸುವುದಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೬ಡಿ ಕಲಮಿನಲ್ಲಿ ಮೂರು ವರ್ಷಗಳವರೆಗಿನ ಕಾರಾಗೃಹವಾಸವೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವೂ ವಿಧಿತವಾಗಿವೆ. ಹಣ ಹೋದ ಕೂಡಲೆ ೧೯೩೦ ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಕಡಮೆ. ನಮ್ಮ ವಿದ್ಯಾರ್ಥಿಯು ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಅವನನ್ನು ತಡೆದದ್ದು ನಾಚಿಕೆ. ವಂಚಿತನಾದವನು ನಾಚಬೇಕಾಗಿಲ್ಲವೆಂಬ ಮಾತನ್ನು ಮೊದಲ ದಿನವೇ ತರಗತಿಯಲ್ಲಿ ಹೇಳುವುದು ಈಗ ನಮ್ಮ ರೂಢಿಯಾಗಿದೆ.

ಮೂರನೆಯದು ಹಣಕ್ಕಿಂತ ಘೋರವಾದುದು. ಮಲಯಾಳ ಚಿತ್ರರಂಗದ ಸ್ತ್ರೀಯರ ಸ್ಥಿತಿಯನ್ನು ಕುರಿತು ಕೇರಳ ಸರ್ಕಾರವು ೨೦೧೭ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ೨೦೧೯ರಲ್ಲಿ ಸಲ್ಲಿಕೆಯಾಗಿ ೨೦೨೪ರ ಆಗಸ್ಟಿನಲ್ಲಿ ಬಹಿರಂಗವಾಯಿತು. ಪಾತ್ರಕ್ಕೆ ಪ್ರತಿಯಾಗಿ ದೇಹವನ್ನು ಬಯಸುವ ದುರಾಚಾರವನ್ನು ಅದು ದಾಖಲಿಸಿದೆ. ಆಡಿಷನ್ನಿನ ನೆಪದಲ್ಲಿ ಖಾಸಗಿ ಚಿತ್ರಗಳನ್ನು ಕೇಳುವುದು, ಹೋಟೆಲಿನ ಕೊಠಡಿಗೆ ಒಬ್ಬಂಟಿಯಾಗಿ ಬರಹೇಳುವುದು, 'ಹೊಂದಿಕೊಳ್ಳುವಿರಾ' ಎಂಬ ಒಡಪಿನ ಮಾತನ್ನಾಡುವುದು ಇವುಗಳಲ್ಲಿ ಯಾವುದೊಂದು ಕಂಡರೂ ಸಂಭಾಷಣೆಯನ್ನು ಅಲ್ಲಿಗೇ ನಿಲ್ಲಿಸಿ, ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು. ಭೇಟಿಯೆಂಬುದು ಹಗಲಿನಲ್ಲಿ, ಕಚೇರಿಯಲ್ಲಿ, ಜೊತೆಗೊಬ್ಬರಿದ್ದು ನಡೆಯತಕ್ಕದ್ದು.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ೨೦೧೭ರ ತಿದ್ದುಪಡಿಯ ನಿಯಮಗಳಂತೆ ಬಾಲನಟರನ್ನು ದುಡಿಸಿಕೊಳ್ಳಲು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಳನ್ನೂ, ವಿರಾಮವಿಲ್ಲದೆ ಮೂರು ಗಂಟೆಗಳನ್ನೂ ಮೀರಬಾರದು. ಗಳಿಕೆಯಲ್ಲಿ ಕನಿಷ್ಠ ಶೇಕಡ ೨೦ ಭಾಗವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ಮಕ್ಕಳನ್ನು ಕೋರುವ ಕರೆಗೆ ಉತ್ತರಿಸುವ ತಂದೆತಾಯಿಗಳು ಈ ಅನುಮತಿಯನ್ನು ಕುರಿತು ಕೇಳಿದರೆ, ಬರುವ ಉತ್ತರದಿಂದಲೇ ಕರೆಯ ಯೋಗ್ಯತೆ ತಿಳಿಯುತ್ತದೆ.

೫. ಕರೆಯ ಮಿತಿ

ಕರೆ ನಿಜವಾದುದೇ ಆಗಿದ್ದು, ಅರ್ಜಿಯೂ ಸಮರ್ಪಕವಾಗಿದ್ದರೂ ಬಹುಪಾಲು ಅರ್ಜಿಗಳಿಗೆ ಬರುವ ಉತ್ತರ ಮೌನವೇ. ಒಂದು ಪಾತ್ರಕ್ಕೆ ಬೇಕಾದವರು ಒಬ್ಬರು. ಉಳಿದವರೆಲ್ಲರಿಗೂ ಕಾರಣ ತಿಳಿಸುವ ರೂಢಿ ಇಲ್ಲ. ಆ ಮೌನವನ್ನು ತನ್ನ ಕಲೆಯ ಮೇಲಿನ ತೀರ್ಪೆಂದು ಭಾವಿಸುವುದು ತಪ್ಪು. ಎತ್ತರ, ಈಗಾಗಲೇ ಆಯ್ಕೆಯಾದ ಇನ್ನೊಬ್ಬ ನಟನ ಮುಖದೊಡನೆ ಹೋಲಿಕೆ, ಮೈಬಣ್ಣವನ್ನು ಕುರಿತು ನಮ್ಮ ಸಮಾಜ ಇನ್ನೂ ಬಿಡದ ಪಕ್ಷಪಾತ, ಹೀಗೆ ಕಲೆಗೆ ಸಂಬಂಧಿಸದ ಅನೇಕ ಸಂಗತಿಗಳು ಅಲ್ಲಿ ಕೆಲಸ ಮಾಡುತ್ತವೆ. ಅಭ್ಯರ್ಥಿಯು ಹೂಡುವ ಶ್ರಮಕ್ಕೂ ಒಂದು ಮಿತಿ ಬೇಕೆಂಬ ವಿಚಾರವನ್ನು ಅಮೆರಿಕದ ನಟರ ಸಂಘ ೨೦೨೩ರ ಮುಷ್ಕರದಲ್ಲಿ ಮುಂದಿಟ್ಟಿತು. ಅದರ ಫಲವಾದ ಒಪ್ಪಂದದಲ್ಲಿ ಸೆಲ್ಫ್ ಟೇಪನ್ನು ಕುರಿತ ನಿಯಮಗಳೂ, ನಟನ ಅನುಮತಿಯಿಲ್ಲದೆ ಅವನ ರೂಪದ ಗಣಕಪ್ರತಿಯನ್ನು ಬಳಸುವುದರ ವಿರುದ್ಧ ರಕ್ಷಣೆಗಳೂ ಸೇರಿದುವು. ಕಳುಹಿಸಿದ ಮುಖವೂ ದನಿಯೂ ಎಲ್ಲಿ ಉಳಿಯುತ್ತವೆಂಬ ಪ್ರಶ್ನೆಯನ್ನು ನಮ್ಮ ಕಲಾವಿದರೂ ಕೇಳಬೇಕಾದ ಕಾಲ ಬಂದಿದೆ.

ಇನ್ನೊಂದು ಮಾತು. ಕರೆಯನ್ನು ಓದಬಲ್ಲವರಿಗೆ ಮಾತ್ರ ಕರೆ ತಲುಪುತ್ತದೆ. ೨೦೧೫ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದ 'ತಿಥಿ' ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ, ವೃತ್ತಿನಟರಲ್ಲ. ನಿರ್ದೇಶಕ ರಾಮ್ ರೆಡ್ಡಿ ಮತ್ತು ಆ ಸೀಮೆಯವರೇ ಆದ ಕಥೆಗಾರ ಈರೇಗೌಡ ಅವರು ಹಳ್ಳಿಯಲ್ಲಿಯೇ ಇದ್ದು ಅವರನ್ನು ಕಂಡುಕೊಂಡರು. ಅಂತರಜಾಲದಲ್ಲಿ ಎಂಥ ಕರೆಯನ್ನು ಹೊರಡಿಸಿದ್ದರೂ ಆ ಮುದುಕರು ಅರ್ಜಿ ಹಾಕುತ್ತಿರಲಿಲ್ಲ. ಭರತನು ಹೇಳಿದ ಮುಖಾಮುಖಿಯ ಪರೀಕ್ಷೆಗೆ ಇಂದಿಗೂ ಬೆಲೆಯುಂಟೆಂಬುದಕ್ಕೆ ಇದೊಂದು ನಿದರ್ಶನ.

ಒಟ್ಟಿನಲ್ಲಿ ಅಂತರಜಾಲದ ಕರೆಯು ಪರಿಚಯವಿಲ್ಲದವರಿಗೂ ಬಾಗಿಲನ್ನು ತೋರಿಸಿದೆ. ಇದು ಅಲ್ಪವಾದ ಉಪಕಾರವಲ್ಲ. ಹೋಬಳಿಯ ಕಾಲೇಜಿನಲ್ಲಿ ಕುಳಿತ ಹುಡುಗಿಯೊಬ್ಬಳು ತನ್ನ ಊರಿನ ಮಾತಿನಲ್ಲಿಯೇ ಒಂದು ನಿಮಿಷದ ಅಭಿನಯವನ್ನು ಬೆಂಗಳೂರಿಗೆ ಕಳುಹಿಸಬಹುದೆಂಬುದು ಕಂಪನಿಯ ಕಾಲದಲ್ಲಿ ಊಹೆಗೂ ನಿಲುಕದ ಸಂಗತಿಯಾಗಿತ್ತು. ಆದರೆ ಬಾಗಿಲಿನೊಡನೆ ಬಂದಿರುವ ಹೊಣೆಯನ್ನು ಅವಳೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕರೆಯನ್ನು ಓದುವುದು, ಉತ್ತರವನ್ನು ಸಿದ್ಧಪಡಿಸುವುದು, ಸಲ್ಲದ್ದನ್ನು ನಿರಾಕರಿಸುವುದು ಈ ಮೂರನ್ನೂ ನಾಟಕ ವಿಭಾಗಗಳು ಪಾಠಕ್ರಮದ ಅಂಗವಾಗಿಯೇ ಬೋಧಿಸುವುದು ಯುಕ್ತ. ವಿದ್ಯಾರ್ಥಿಯೊಬ್ಬನು ಮುಂದೆ ಮೊಬೈಲನ್ನು ಹಿಡಿದು ನಮ್ಮ ಬಳಿಗೆ ಬಂದಾಗ, "ಪ್ರಯತ್ನಿಸಿ ನೋಡು" ಎನ್ನುವ ಬದಲು "ಬಾ, ಕುಳಿತು ಓದೋಣ" ಎನ್ನುವಷ್ಟು ಸಿದ್ಧತೆ ಅಧ್ಯಾಪಕರಾದ ನಮಗೆ ಇರಬೇಕು.